ಮೊಗಲಾಯಿಯ ಗಡಿ ದಾಟಿದ ಗಂಟುಗಳು

೧೯೪೭ನೆಯ ಇಸವಿಯ ನವ್ಹೆಂಬರ ೨೯ನೆಯ ದಿನ ಹೈದರಾಬಾದ ಸಂಸ್ಥಾನಕ್ಕೂ ಭಾರತ ಸರಕಾರಕ್ಕೂ ಯಥಾಸ್ಥಿತಿಯ ಒಪ್ಪಂದವಾಯಿತು. ಅದಕ್ಕೆ ರುಜು ಬಿದ್ದು ಬಹಳ ದಿನ ಕಳೆಯುವ ಮೊದಲೇ ನಿಜಾಮ ಸರಕಾರವು ಎರಡು ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಸಂಸ್ಥಾನದಿಂದ ಭಾರತದೊಳಕ್ಕೆ ಬಂಗಾರ ಬೆಳ್ಳಿ ಮೊದಲಾದ ಬೆಲೆಯುಳ್ಳ ಲೋಹಗಳನ್ನು ಸಾಗಿಸಕೂಡದೆಂಬುದು ಒಂದು. ಭಾರತದ ನಾಣ್ಯವು ಸಂಸ್ಥಾನದಲ್ಲಿ ಕಾಯ್ದೆಯ ಚಲಾವಣೆಯಲ್ಲವೆಂಬುದು ಇನ್ನೊಂದು. ಅದೇ ಕಾಲಕ್ಕೆ ಪಾಕಿಸ್ತಾನಕ್ಕೆ ೨೦ ಕೋಟಿ ರೂಪಾಯಿಗಳ ಸಾಲವನ್ನು ಕೊಡಮಾಡಿದ ಸಂಗತಿಯು ಹೊರಬಿದ್ದುದರಿಂದ, ಈ ಮೂರನ್ನೂ ಕೂಡಿಸಿ ದಿಲ್ಲಿಯವರು ಒಪ್ಪಂದದ ಭಂಗವಾಯಿತೆಂದು ತಕರಾರು ಮಾಡಿದರು. ಇತಿಹಾಸ ಬರೆಯುವವರು ಇದನ್ನು ಎರಡು ಸರಕಾರಗಳ ನಡುವಿನ ಜಗಳವೆಂದು ನಾಲ್ಕು ಸಾಲುಗಳಲ್ಲಿ ಮುಗಿಸುವರು. ಕಾಯ್ದೆಯ ಕಸುಬಿನವನಾದ ನನಗೆ ಮಾತ್ರ ಬೇರೊಂದು ಪ್ರಶ್ನೆ ಹುಟ್ಟುವದು. ಆ ಹುಕುಮು ಯಾರ ಕೊರಳಿಗೆ ಬಿದ್ದಿತು? ದಿಲ್ಲಿಯ ಖಜಾನೆಗೆ ಅದರಿಂದ ಆದ ಹಾನಿ ಎಷ್ಟೋ, ನಾನರಿಯೆ. ಆದರೆ ಬೀದರ, ಗುಲಬರ್ಗಾ, ರಾಯಚೂರು ಈ ಮೂರು ಕನ್ನಡ ಜಿಲ್ಲೆಗಳಿಂದ ಮರುವರ್ಷ ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಹೊರಟ ಹೆಣ್ಣುಮಗಳೊಬ್ಬಳು, ತನ್ನ ಕೊರಳಲ್ಲಿದ್ದ ದಾಗೀನದ ದೆಸೆಯಿಂದಲೇ ಕಳ್ಳಸಾಗಣೆಯ ಅಪರಾಧಿಯಾಗಿ ನಿಂತಳೆಂಬುದನ್ನು ಚೆನ್ನಾಗಿ ಅರಿತಿರುವೆನು.

೧೯೪೮ರಲ್ಲಿ ಜನರು ಯಾಕೆ ಹೊರಟರೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ರಜಾಕಾರರ ದಂಡುಗಳು ಹಳ್ಳಿಗಳ ಮೇಲೆ ಬೀಳತೊಡಗಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟೆಯಲ್ಲಿ ಆದ ಕೊಲೆಗಳ ಸುದ್ದಿಯನ್ನು ಕೇಳಿದ ಬಳಿಕ ಸುತ್ತಲಿನವರಿಗೆ ಮನೆಯಲ್ಲಿ ಕೂಡ್ರುವ ಧೈರ್ಯ ಉಳಿಯಲಿಲ್ಲ. ಹೋಗಬೇಕಾದದ್ದಾದರೂ ಎಲ್ಲಿಗೆ? ಭೀಮೆಯ ಆಚೆಗೆ ಅಫಜಲಪುರವು ಮೊಗಲಾಯಿ. ಈಚೆಗೆ ಇಂಡಿ, ಸಿಂದಗಿ ಮುಂಬಯಿ ಇಲಾಖೆ. ತುಂಗಭದ್ರೆಯ ಆಚೆಗೆ ಗಂಗಾವತಿಯು ನಿಜಾಮನದು. ಈಚೆಗೆ ಕಂಪ್ಲಿ, ಹೊಸಪೇಟೆ ಮದ್ರಾಸಿನವರವು. ಸಾಲಾರಜಂಗನ ಜಹಗೀರಾಗಿದ್ದ ಕೊಪ್ಪಳದಲ್ಲಿ ರೇಲ್ವೆ ಹತ್ತಿದವನು ಕೆಲವು ನಿಲ್ದಾಣ ದಾಟಿದರೆ ಗದಗು. ಅತ್ತಲೂ ಕನ್ನಡವೇ, ಇತ್ತಲೂ ಕನ್ನಡವೇ. ಅತ್ತ ಕೊಟ್ಟ ಮಗಳು, ಇತ್ತ ತಂದ ಸೊಸೆ. ಅದೇ ಜೋಳದ ರೊಟ್ಟಿ, ಅದೇ ಪುಂಡಿಯ ಪಲ್ಯ. ನಡುವೆ ಮಾತ್ರ ಕರೋಡಗಿರಿಯ ನಾಕೆ.

ಈಗ ಈ ಲೆಕ್ಕವನ್ನು ನೋಡಿರಿ. ಹೊರಟವನ ಕೈಯಲ್ಲಿ ಇದ್ದದ್ದು ಹಾಲಿ ಸಿಕ್ಕೆಯ ರೂಪಾಯಿ, ಚಾರಮಿನಾರಿನ ಛಾಪಿನದು. ಸರಕಾರಿ ದರದ ಪ್ರಕಾರ ಭಾರತದ ೧೦೦ ರೂಪಾಯಿಗಳಿಗೆ ಹಾಲಿಯ ೧೧೬ ರೂಪಾಯಿ ೧೦ ಆಣೆ ೮ ಪೈ. ಸುಲಭವಾಗಿ ಹೇಳಬೇಕಾದರೆ ಅಲ್ಲಿಯ ಏಳಕ್ಕೆ ಇಲ್ಲಿಯ ಆರು. ಇದು ಕಾಗದದ ಮೇಲಿನ ದರ. ರಾತ್ರಿ ಹೊಳೆ ದಾಟಿ ಬಂದು, ಮಕ್ಕಳಿಗೆ ಹಾಲು ಕೊಳ್ಳಲು ಚಿಲ್ಲರೆ ಬೇಕಾದವನಿಗೆ ಸರಾಫನು ಆ ದರವನ್ನು ಕೊಡುವನೆಂದು ನಂಬುವವರು ಸಂತೆಗೆ ಹೋದವರಲ್ಲ. ಮುಂಚಿತವಾಗಿಯೇ ಭಾರತದ ನೋಟು ಸಂಗ್ರಹಿಸಿ ಇಟ್ಟುಕೊಂಡಿದ್ದರೆ ಆಗುತ್ತಿರಲಿಲ್ಲವೇ ಎಂದರೆ, ಸಂಸ್ಥಾನದೊಳಗೆ ಅದು ಚಲಾವಣೆಯ ನಾಣ್ಯವೇ ಅಲ್ಲ. ಇನ್ನು ಉಳಿದದ್ದು ಬಂಗಾರ. ಯಾವ ರಾಜನ ಮುದ್ರೆಯೂ ಬೇಡದೆ ಎಲ್ಲ ಗಡಿಗಳಲ್ಲಿ ಒಂದೇ ಬೆಲೆ ಬಾಳುವ ವಸ್ತುವೆಂದರೆ ಅದೊಂದೇ. ಅದನ್ನು ಒಯ್ಯುವದೇ ಅಪರಾಧ. ಹೀಗೆ ಮೂರು ಬಾಗಿಲುಗಳಿಗೂ ಅಗಳಿ ಹಾಕಿ, ತಾನೇ ಕಾಪಾಡದ ಪ್ರಜೆಯನ್ನು ಬರಿಗೈಯಿಂದ ಹೊರಗೆ ದಬ್ಬಿದ ಕಾಯ್ದೆಯು ನ್ಯಾಯಶಾಸ್ತ್ರದ ಯಾವ ತತ್ತ್ವಕ್ಕೂ ನಿಲ್ಲುವಂಥದಲ್ಲ. ಪ್ರಜೆಯ ಒಡವೆಯನ್ನು ದೇಶ ಬಿಟ್ಟು ಹೋಗಗೊಡದಂತೆ ತಡೆಯುವ ಅಧಿಕಾರವು ಅರಸನಿಗೆ ಇರಬಹುದು. ಆದರೆ ಆ ಪ್ರಜೆಯ ಜೀವವನ್ನು ಉಳಿಸುವ ಹೊಣೆಯೂ ಅವನದೇ. ಹೊಣೆಯನ್ನು ಒಗೆದು ಅಧಿಕಾರವನ್ನಷ್ಟೇ ಇಟ್ಟುಕೊಂಡರೆ ಅದು ಆಳಿಕೆ ಹೇಗಾದೀತು? ಈ ಕಡೆಯದೂ ತುಸು ಹೇಳಬೇಕು. ಭಾರತದ ಕಡೆಯಿಂದ ಸಂಸ್ಥಾನಕ್ಕೆ ಸರಕು ಹೋಗುವದಕ್ಕೆ ತಡೆಯಾಗಿತ್ತು. ಹೈದರಾಬಾದಿನವರು ಅದನ್ನು ದಿಗ್ಬಂಧನವೆಂದು ದೂರಿದರು. ಸರಕಾರಗಳ ಆ ಹಗ್ಗಜಗ್ಗಾಟದಲ್ಲಿ ಹಳ್ಳಿಯವನ ಉಪ್ಪು, ಚಿಮಣಿಯೆಣ್ಣೆಗಳಿಗೂ ಕೊರತೆ ಬಂದಿತು.

ದಾಗೀನವೆಂದೊಡನೆ ನಮ್ಮ ಪಟ್ಟಣದ ಸುಧಾರಕರಿಗೆ ಮೂಗು ಮುರಿಯುವ ರೂಢಿಯುಂಟು. ಹೆಂಗಸರ ಹುಚ್ಚು, ಸತ್ತ ಬಂಡವಾಳ, ದೇಶದ ಹಣವನ್ನು ಕೊರಳಿಗೆ ಕಟ್ಟಿ ಕೊಳೆಸುವರು ಎಂದು ಇವರು ಉಪದೇಶಿಸುವರು. ನಾನೂ ಕಾಲೇಜಿನಲ್ಲಿದ್ದಾಗ ಹಾಗೆಯೇ ಮಾತನಾಡಿದವನು. ಈಗ ಆ ಮಾತನ್ನು ಹಿಂತೆಗೆದುಕೊಳ್ಳುವೆನು. ಹೊಲ ಮನೆಗಳು ಗಂಡಸರ ಹೆಸರಿನಲ್ಲಿ, ದನಕರು ಮನೆತನದವು, ಸ್ತ್ರೀಧನವೊಂದೇ ಹೆಣ್ಣುಮಗಳಿಗೆ ತನ್ನದೆಂದು ಶಾಸ್ತ್ರವೂ ಕಾಯ್ದೆಯೂ ಒಪ್ಪಿಕೊಟ್ಟ ಸ್ವತ್ತು. ಬೋರಮಾಳ, ಟೀಕಿ, ಬುಗುಡಿ, ಬಿಲ್ವರ ಇವು ಅವಳ ಬ್ಯಾಂಕು. ಹೊಲವನ್ನು ಹೊತ್ತು ಹೊಳೆ ದಾಟಲಾಗುವದಿಲ್ಲ. ಬೋರಮಾಳವನ್ನು ಉಡಿಯಲ್ಲಿ ಕಟ್ಟಿಕೊಳ್ಳಬಹುದು. ಮೊಗಲಾಯಿಯಿಂದ ಬಂದ ಎಷ್ಟೋ ಮನೆತನಗಳು ಇತ್ತಣ ಊರುಗಳಲ್ಲಿ ಮೊದಲಿನ ಕೆಲವು ತಿಂಗಳು ಅನ್ನ ತಿಂದದ್ದು ಹೆಂಡಿರ ಬಂಗಾರದಿಂದಲೇ ಹೊರತು ಗಂಡಂದಿರ ಪಟ್ಟೆಯಿಂದಲ್ಲ.

ಬೆಳ್ಳಿಯ ಕಥೆ ಬೇರೆ. ಹಳೆಯ ಇಂಗ್ರಜಿ ರೂಪಾಯಿಯ ತೂಕ ಒಂದು ತೊಲೆ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ೧೯೪೦ರಲ್ಲಿ ಆ ಬೆಳ್ಳಿಯು ಅರ್ಧಕ್ಕೆ ಇಳಿಯಿತು; ೧೯೪೭ಕ್ಕೆ ರೂಪಾಯಿಯು ನಿಕ್ಕಲಿನದಾಯಿತು. ಆದ್ದರಿಂದ ಜಾಣರು ರಾಣಿಯ ಛಾಪಿನ ಹಳೆಯ ರೂಪಾಯಿಗಳನ್ನು ಗಡಿಗೆಯಲ್ಲಿ ತುಂಬಿಟ್ಟಿದ್ದರು. ಆದರೆ ಸಾವಿರ ರೂಪಾಯಿ ಎಂದರೆ ಸಾವಿರ ತೊಲೆ. ಎಂಭತ್ತು ತೊಲೆಗೆ ಒಂದು ಸೇರಿನಂತೆ ಹನ್ನೆರಡೂವರೆ ಸೇರು ಭಾರ. ಕೂಸನ್ನೊಂದು ಬಗಲಲ್ಲಿ, ಹಿಟ್ಟಿನ ಗಂಟನ್ನೊಂದು ತಲೆಯ ಮೇಲೆ ಇಟ್ಟುಕೊಂಡು ಮಳೆಗಾಲದ ಎರೆಯ ಕೆಸರಿನಲ್ಲಿ ನಡೆಯುವವರಿಗೆ ಹನ್ನೆರಡೂವರೆ ಸೇರು ಹೆಚ್ಚು. ಅದೇ ಸಾವಿರ ರೂಪಾಯಿಗಳ ಬಂಗಾರವಾದರೆ ಒಂದು ಮುಷ್ಟಿಯಲ್ಲಿ ಅಡಗೀತು. ಆದ್ದರಿಂದ ಬೆಳ್ಳಿಯು ಹಿಂದುಳಿಯಿತು, ಬಂಗಾರವು ಹೊರಟಿತು. ಇದಕ್ಕೆ ಅಪವಾದವೆಂದರೆ ಕೊರಳಲ್ಲಿಯ ಲಿಂಗದ ಕರಡಿಗೆ. ಅದು ಬೆಳ್ಳಿಯದೆಂದು ಯಾರೂ ಎಣಿಸಲಿಲ್ಲ.

ಹಿಂದುಳಿದದ್ದು ಎಲ್ಲಿಗೆ ಹೋಯಿತು? ಹಗೇವಿನ ತಳಕ್ಕೆ, ಒಲೆಯ ಕೆಳಕ್ಕೆ, ದನದ ಕೊಟ್ಟಿಗೆಯ ನೆಲಕ್ಕೆ. ಕೆಲವರು ನೆರೆಮನೆಯವರಲ್ಲಿ ಇಟ್ಟರು, ಕೆಲವರು ಮಠದ ಸ್ವಾಮಿಗಳ ಪಾದಕ್ಕೆ ಒಪ್ಪಿಸಿದರು. ೧೮೭೨ರ ಕರಾರು ಕಾಯ್ದೆಯು ಇಂಥ ನಿಕ್ಷೇಪವನ್ನು ಇಟ್ಟುಕೊಂಡವನು ತನ್ನ ಸ್ವಂತದ ವಸ್ತುವನ್ನು ವಿವೇಕಿಯಾದವನು ಹೇಗೆ ಕಾಯುವನೋ ಹಾಗೆ ಕಾಯತಕ್ಕದ್ದೆಂದು ವಿಧಿಸುವದು. ಆದರೆ ರಾತ್ರಿಯಲ್ಲಿ ಕೊಟ್ಟದ್ದಕ್ಕೆ ಪಾವತಿ ಎಲ್ಲಿ, ಸಾಕ್ಷಿ ಎಲ್ಲಿ? ಹೂಳಿದ್ದರ ಗತಿಯೂ ಅಷ್ಟೇ. ಬ್ರಿಟಿಶ ಹಿಂದುಸ್ಥಾನದ ೧೮೭೮ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂತಲೂ, ನೂರು ವರ್ಷಗಳೊಳಗೆ ತಾನೇ ಹೂಳಿದ್ದೆಂದು ಮುಂದೆ ಬಂದವನಿಗೆ ದಾವೆ ಹೂಡಲು ಅವಕಾಶ ಕೊಡಬೇಕೆಂತಲೂ ಇದೆ. ಒಳ್ಳೆಯ ಕಾಯ್ದೆ. ಆದರೆ ನೆಲ ಅಗೆದವನು ಕಲೆಕ್ಟರರ ಬಳಿಗೆ ಹೋದಾಗಲಷ್ಟೇ ಅದರ ಉಪಯೋಗ!

ಕೆಲವು ವರ್ಷಗಳ ಹಿಂದೆ ಅಣ್ಣತಮ್ಮಂದಿರ ವಾಟ್ನಿಯ ದಾವೆಯೊಂದರಲ್ಲಿ ಆ ಕಾಲದ ಬಂಗಾರದ ಪ್ರಶ್ನೆ ಎದ್ದಿತು. ಅಜ್ಜನು ನಲವತ್ತು ತೊಲೆ ತಂದಿದ್ದನೆಂದು ಒಂದು ಪಕ್ಷ, ತರಲೇ ಇಲ್ಲವೆಂದು ಇನ್ನೊಂದು ಪಕ್ಷ. ಹೊರಟಾಗ ಹತ್ತು ವರ್ಷದವಳಾಗಿದ್ದ ಮುದುಕಿಯೊಬ್ಬಳನ್ನು ಸಾಕ್ಷಿಗೆ ಕರೆದೆವು. ನಾನು ಕೇಳಿದ ಪ್ರಶ್ನೆಗೆ ಆಕೆ ಕೊಟ್ಟ ಉತ್ತರ ಇದು: “ಬಂಗಾರದ ಸುದ್ದಿ ನನಗ ಗೊತ್ತಿಲ್ರಿ ಸಾಹೇಬ್ರ. ನಮ್ಮವ್ವ ಹಂಚು ಮರತು ಬಂದಿದ್ಲು. ಹಿಟ್ಟು ಇತ್ತು, ರೊಟ್ಟಿ ಮಾಡಾಕ ಹಂಚಿರಲಿಲ್ಲ. ಎರಡ ದಿನ ಹಸಿ ಹಿಟ್ಟು ನೀರಾಗ ಕಲಸಿ ಕುಡದ್ವಿ.” ಎದುರು ಪಕ್ಷದ ವಕೀಲರು ನಕ್ಕರು, ನನ್ನ ಮೊಕದ್ದಮೆಗೂ ಆ ಉತ್ತರದಿಂದ ಏನೂ ಲಾಭವಾಗಲಿಲ್ಲ. ಆದರೆ ಮನೆ ಬಿಟ್ಟು ಓಡುವವನು ಏನನ್ನು ಒಯ್ಯಬೇಕೆಂಬ ವಿಷಯದಲ್ಲಿ ನಾನು ಕೇಳಿದ ಅತ್ಯಂತ ತೂಕದ ಸಾಕ್ಷಿ ಅದೇ. ನಲವತ್ತು ತೊಲೆಯನ್ನು ಎರಡು ಸಲ ಎಣಿಸಿದ ಕೈಗಳು ಹಂಚನ್ನು ಒಲೆಯ ಮೇಲೆಯೇ ಬಿಟ್ಟು ಬಂದವು. ಆ ದಾರಿಯಲ್ಲಿ ನಡೆದವರ ಅನುಭವವೆಲ್ಲ ಒಂದೇ: ಒಣರೊಟ್ಟಿ, ಶೇಂಗಾದ ಹಿಂಡಿ, ಬೆಲ್ಲ, ಉಪ್ಪು, ಕಡ್ಡಿಪೆಟ್ಟಿಗೆ, ನೀರು ಸೇದುವ ಹಗ್ಗ ಮತ್ತು ತಂಬಿಗೆ, ಕಂಬಳಿ. ಬಂಗಾರವು ನಾಲ್ಕನೆಯ ದಿನದ ಚಿಂತೆ. ಮೊದಲಿನ ಮೂರು ದಿನ ಉಳಿದವನಿಗಷ್ಟೇ ಅದರ ಬೆಲೆ.

ಕಾಗದಗಳ ವಿಷಯದಲ್ಲಿ ನನ್ನ ಕಸುಬಿನ ಅಭಿಮಾನವಿದ್ದೀತು, ಕ್ಷಮಿಸಬೇಕು. ಉರ್ದುವಿನಲ್ಲಿ ಬರೆದ ಪಟ್ಟೆ, ತೀರ್ವೆಯ ಪಾವತಿ, ಗಹಾಣದ ಪತ್ರ ಇವನ್ನು ಓದಬಲ್ಲವರು ಮನೆಯಲ್ಲಿ ಒಬ್ಬರೂ ಇರಲಿಲ್ಲವಾದ್ದರಿಂದ ಅವುಗಳ ಮಹತ್ವವೂ ತಿಳಿಯಲಿಲ್ಲ. ತನ್ನ ಭಾಷೆಯಲ್ಲಿಲ್ಲದ ಕಾಗದವನ್ನು ಮನುಷ್ಯನು ತನ್ನದೆಂದು ಭಾವಿಸುವದಿಲ್ಲ. ಹಿಂತಿರುಗಿ ಹೋದಾಗ ಹೊಲದಲ್ಲಿ ಬೇರೊಬ್ಬನ ನೇಗಿಲು. ತೋರಿಸಲು ಚೂರು ಕಾಗದವಿಲ್ಲ.

೧೯೪೮ರ ಸೆಪ್ಟೆಂಬರ ೧೩ಕ್ಕೆ ಭಾರತದ ಸೇನೆಯು ಒಳಹೊಕ್ಕಿತು. ೧೭ಕ್ಕೆ ನಿಜಾಮನು ಶರಣಾದನು. ಆಲವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ನಡೆಸಿದಂಥ ಶಿಬಿರಗಳು ಗಡಿಯುದ್ದಕ್ಕೂ ಇದ್ದವು. ಅಲ್ಲಿಯ ತರುಣರ ತ್ಯಾಗವನ್ನು ಪ್ರತಿವರ್ಷ ನೆನೆಯುವೆವು, ನೆನೆಯಲೇಬೇಕು. ಆದರೆ ಇಲ್ಲಿಗೇ ಲೇಖನಿಯನ್ನು ಇಟ್ಟರೆ ನಾನು ಒಂದೇ ಪಕ್ಷದ ವಕೀಲನಾದೇನು. ಆ ಸೆಪ್ಟೆಂಬರದ ನಂತರ ಗಂಟು ಕಟ್ಟಿದವರು ಬೇರೆಯವರು. ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ ತಿರುಗಿ, ಬಹಳ ಕಡಿಮೆ ಹಿಡಿದರೂ ೨೭,೦೦೦ದಿಂದ ೪೦,೦೦೦ ಜನರು ಸತ್ತರೆಂದು ಅಂದಾಜು ಮಾಡಿತು. ಹೆಚ್ಚು ಕೆಟ್ಟ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರಗಳೆರಡೂ ಇದ್ದವು. ಸತ್ತವರಲ್ಲಿ ಬಹುತೇಕರು ಮುಸಲ್ಮಾನರು, ರಜಾಕಾರರ ಸಂಗಡ ಯಾವ ಸಂಬಂಧವೂ ಇಲ್ಲದ ನೇಕಾರರು, ಕೂಲಿಕಾರರು. ಅವರ ಹೆಂಡಿರ ಮೂಗುತಿಗೂ ಅದೇ ಬಂಗಾರ. ಆ ಗಂಟುಗಳನ್ನು ಕಸಿದುಕೊಂಡವರು ನಮ್ಮವರೆಂಬುದನ್ನು ಏಕೀಕರಣವಾದಿಯಾದ ನಾನು ಬರೆಯದಿದ್ದರೆ ಮತ್ತಾರು ಬರೆಯಬೇಕು?

ಏಕೀಕರಣವು ಸಾಹಿತಿಗಳ ಹಂಬಲವಷ್ಟೇ ಆಗಿತ್ತೆಂದು ಹೇಳುವವರಿಗೆ ಈ ನಾಕೆಗಳ ಕಥೆಯನ್ನು ಹೇಳಬೇಕು. ೧೯೫೩ರ ಅಕ್ಟೋಬರ ೧ಕ್ಕೆ ಬಳ್ಳಾರಿಯ ಏಳು ತಾಲೂಕುಗಳೂ, ೧೯೫೬ರ ನವ್ಹೆಂಬರ ೧ಕ್ಕೆ ಮುಂಬಯಿ, ಹೈದರಾಬಾದ ಕಡೆಯ ಕನ್ನಡ ಜಿಲ್ಲೆಗಳೂ ಒಂದಾದವು. ಅಂದಿನಿಂದ ಭೀಮೆಯ ಎರಡು ದಂಡೆಗಳಿಗೂ ಸರಕಾರ ಒಂದೇ, ಕಾಗದದ ಭಾಷೆಯೂ ಒಂದೇ. ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡಿನ ಕನ್ನಡಿಗರು ಹೊರಗುಳಿದ ನೋವು ಇದೆ. ಆದರೆ ಅಲ್ಲಿಯೂ ಬಂಗಾರ ತಡೆಯುವ ನಾಕೆಯಿಲ್ಲ.

ಹಾಗಾದರೆ ಗಂಟು ಕಟ್ಟುವ ಕಾಲ ಮುಗಿಯಿತೆ? ೨೦೨೦ರ ಅಕ್ಟೋಬರದಲ್ಲಿ ಅದೇ ಭೀಮೆಯು ಉಕ್ಕಿ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ದಂಡೆಯ ಊರುಗಳನ್ನು ನುಂಗಿತು. ಹಿಂದಿನ ವರ್ಷ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು. ಅದಕ್ಕೂ ಹಿಂದಿನ ವರ್ಷ ಕೊಡಗಿನ ಗುಡ್ಡಗಳು. ದೋಣಿಯು ಬಾಗಿಲಿಗೆ ಬಂದರೂ ಮನೆಯ ಹಿರಿಯಳು ಹತ್ತಲೊಲ್ಲಳು. ಟ್ರಂಕಿನಲ್ಲಿ ದಾಗೀನವಿದೆ, ಗಂಜಿಕೇಂದ್ರದಲ್ಲಿ ಅದನ್ನು ಯಾರ ಕೈಗೆ ಕೊಡುವದು? ಬ್ಯಾಂಕಿನ ಲಾಕರಿನ ಮಾತನ್ನು ಹೇಳುವವರು ರಿಝರ್ವ ಬ್ಯಾಂಕಿನ ೨೦೨೧ರ ನಿಯಮವನ್ನು ಓದಿರಿ: ಬೆಂಕಿ, ಕಳವು, ನೌಕರರ ಮೋಸಗಳಿಗೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕಿನ ಹೊಣೆಯುಂಟು, ನೆರೆ, ಭೂಕಂಪ, ಸಿಡಿಲುಗಳಂಥ ನಿಸರ್ಗದ ಕೋಪಕ್ಕೆ ಇಲ್ಲ.

ನನ್ನ ಸೂಚನೆ ಇಷ್ಟೇ. ತಾಲೂಕಿನ ಖಜಾನೆಗಳಲ್ಲಿ ಭದ್ರಕೋಣೆಗಳಿವೆ. ಊರು ಬಿಡಿಸುವ ಹುಕುಮು ಹೊರಟೊಡನೆ ತಹಶೀಲದಾರರು ಒಬ್ಬ ಕಾರಕೂನನನ್ನೂ ಒಬ್ಬ ಪೋಲೀಸನನ್ನೂ ಆ ಊರಿಗೆ ಕಳಿಸಲಿ. ಒಡೆಯಳ ಎದುರಿನಲ್ಲಿಯೇ ದಾಗೀನವನ್ನು ತೂಗಿ, ಅರಿವೆಯ ಚೀಲದಲ್ಲಿ ಕಟ್ಟಿ, ಅರಗಿನ ಮೊಹರು ಒತ್ತಿ, ಆಕೆಯ ಹೆಬ್ಬೆರಳಿನ ಗುರುತು ಪಡೆದು, ಕನ್ನಡದಲ್ಲಿ ಬರೆದ ರಸೀತಿಯನ್ನು ಆಕೆಯ ಕೈಗೇ ಕೊಡಲಿ. ಗಂಡನ ಕೈಗಲ್ಲ, ಮಗನ ಕೈಗಲ್ಲ. ಕೋರ್ಟುಗಳು ಜಪ್ತಿ ಮಾಲಿಗೆ ನಿತ್ಯವೂ ಮಾಡುತ್ತಿರುವ ಕೆಲಸವಿದು. ಆರೋಪಿಯ ಮಾಲಿಗೆ ಇರುವ ಜೋಪಾನವು ನಿರ್ವಾಸಿತಳ ಮಾಲಿಗೆ ಇರಬಾರದೆ? ಹೊಸ ಕಾಯ್ದೆಯೇನೂ ಬೇಡ, ಜಿಲ್ಲಾಧಿಕಾರಿಗಳ ಒಂದು ಪತ್ರ ಸಾಕು. ಬರುವ ಮಳೆಗಾಲಕ್ಕೆ ಮುಂಚೆ ಭೀಮೆಯ ದಂಡೆಯ ತಾಲೂಕುಗಳಲ್ಲಿ ಇದನ್ನು ಮಾಡಿ ನೋಡಲಿ. ದೋಣಿ ಹತ್ತುವಾಗ ಆಕೆಯ ಎರಡೂ ಕೈಗಳು ಕೂಸಿಗೂ ಹಂಚಿಗೂ ತೆರವಾಗಿರುವವು.