ಅಶ್ವಶಕ್ತಿಯೂ ಆಳಿನ ಬಲವೂ

ಮೋಟಾರು ಸೈಕಲ್ಲನ್ನು ಕೊಳ್ಳಬಯಸುವವನು ಮೊಟ್ಟಮೊದಲು ವಿಚಾರಿಸುವುದು ಅದರ ಅಶ್ವಶಕ್ತಿಯನ್ನು. ತೂಕದ ವಿಚಾರ ಬರುವುದು ಕಟ್ಟಕಡೆಗೆ. ಅನೇಕ ವೇಳೆ ಅದು ಬರುವುದೇ ಇಲ್ಲ. ದೂರಪ್ರವಾಸಕ್ಕೂ ಒರಟು ದಾರಿಗೂ ಏಕಕಾಲದಲ್ಲಿ ಒದಗುವಂತೆ ರಚಿಸಿದ ಸಾಹಸಪ್ರವಾಸದ ವಾಹನಗಳ ವಿಷಯದಲ್ಲಿ ಈ ಕ್ರಮ ತಲೆಕೆಳಗಾದದ್ದೆಂದು ನನ್ನ ಅಭಿಪ್ರಾಯ. ಅಂಥ ಒಂದು ವಾಹನವನ್ನು ಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆ ಸದ್ಯ ನನ್ನ ಮುಂದೆಯೇ ಇದೆ. ಉಪನ್ಯಾಸಕನ ಸಂಬಳದಲ್ಲಿ ಕೆಲವು ವರ್ಷ ಉಳಿಸಿದ ಹಣ ಅದಕ್ಕೆ ಹೋಗಬೇಕಾಗಿರುವುದರಿಂದ, ತರಗತಿಯಲ್ಲಿ ನಾನು ಬೋಧಿಸುವ ಭೌತಶಾಸ್ತ್ರವನ್ನೇ ಮಧ್ಯಸ್ಥನನ್ನಾಗಿ ಕರೆದಿದ್ದೇನೆ. ಅದು ಕೊಟ್ಟ ತೀರ್ಪನ್ನು ವಾಚಕರ ಮುಂದಿಡುತ್ತೇನೆ.

ಈ ಜಾತಿಯ ವಾಹನಗಳ ಇತಿಹಾಸದಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆ 1980ರಲ್ಲಿ ಹೊರತಂದ ಆರ್ 80 ಜಿ/ಎಸ್ ಎಂಬುದಕ್ಕೆ ದೊಡ್ಡ ಸ್ಥಾನವಿದೆ. ಆ ಎರಡು ಅಕ್ಷರಗಳು ಕಾಡುನೆಲ ಮತ್ತು ರಸ್ತೆ ಎಂಬ ಅರ್ಥದ ಜರ್ಮನ್ ಪದಗಳ ಮೊದಲಕ್ಷರಗಳು. ಮರುವರ್ಷ, 1981ರಲ್ಲಿ, ಊಬೇರ್ ಓರಿಯೋಲ್ ಎಂಬ ಸವಾರನು ಪ್ಯಾರಿಸ್–ಡಕಾರ್ ಓಟವನ್ನು ಈ ಸಂಸ್ಥೆಯ ವಾಹನದ ಮೇಲೆ ಗೆದ್ದನು. ನಮ್ಮ ದೇಶದಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆಯ 411 ಘನ ಸೆಂಟಿಮೀಟರಿನ ಹಿಮಾಲಯನ್ 2016ರಲ್ಲಿ ಬಂದಿತು. 2023ರ ನವೆಂಬರಿನಲ್ಲಿ ಅದೇ ಹೆಸರಿನಿಂದ ಸಂಪೂರ್ಣ ಹೊಸ ವಾಹನವೊಂದು ಬಂದಿತು. ನನ್ನ ಪ್ರಶ್ನೆ ಈ ಎರಡನೆಯದನ್ನು ಕುರಿತದ್ದು. ಅದರ ಎಂಜಿನು 452 ಘನ ಸೆಂಟಿಮೀಟರಿನದು. ನೀರಿನಂಥ ದ್ರವದಿಂದ ತಂಪಾಗುವಂಥದು. 40 ಅಶ್ವಶಕ್ತಿಯನ್ನು ಕೊಡುವಂಥದು. ಪೆಟ್ರೋಲು ತುಂಬಿ ಹೊರಟು ನಿಂತಾಗ ತೂಕ 196 ಕಿಲೋಗ್ರಾಂ. ಮುಂದಿನ ಚಕ್ರ 21 ಅಂಗುಲದ್ದು. ಸ್ಪ್ರಿಂಗುಗಳು ಮುಂದೆಯೂ ಹಿಂದೆಯೂ 200 ಮಿಲಿಮೀಟರು ಕುಗ್ಗಬಲ್ಲವು. ಪೆಟ್ರೋಲು ತೊಟ್ಟಿ 17 ಲೀಟರಿನದು. ಮಾರುಕಟ್ಟೆಗೆ ಬಂದಾಗಿನ ಆರಂಭದ ಬೆಲೆ 2.69 ಲಕ್ಷ ರೂಪಾಯಿ.

ಇನ್ನು ನನ್ನ ಅಗತ್ಯವನ್ನು ಹೇಳಬೇಕು. ಮಲೆನಾಡಿನ ಒಂದು ಪಟ್ಟಣದ ಕಾಲೇಜಿನಲ್ಲಿ ನನ್ನ ಕೆಲಸ. ಮನೆಯಿಂದ ಕಾಲೇಜಿಗೆ 18 ಕಿಲೋಮೀಟರು. ಅದರಲ್ಲಿ ಮೊದಲ ಮೂರು ಕಿಲೋಮೀಟರು ಕಾಫಿ ತೋಟಗಳ ನಡುವಣ ಮಣ್ಣಿನ ದಾರಿ. ಮಳೆಗಾಲದಲ್ಲಿ ಅದು ಜೇಡಿಮಣ್ಣಿನ ಜಾರುಬಂಡೆಯಾಗುತ್ತದೆ. ವರ್ಷದಲ್ಲಿ ಸುಮಾರು 220 ದಿನ ಈ ದಾರಿಯಲ್ಲಿ ಹೋಗಿಬರುತ್ತೇನೆ. ಪತ್ನಿಯೊಡನೆ ಚಾರ್ಮಾಡಿ ಘಟ್ಟವಿಳಿದು ಕರಾವಳಿಗೆ ಹೋಗುವುದು ವರ್ಷದಲ್ಲಿ ಮೂರು ನಾಲ್ಕು ಬಾರಿ. ಲಡಾಖನ್ನು ಕಾಣಬೇಕೆಂಬ ಆಸೆಯೂ ಇದೆ. ಅದು ಜನ್ಮದಲ್ಲಿ ಒಮ್ಮೆ ಈಡೇರಿದರೆ ಧನ್ಯ.

ಈ ಕೆಲಸಗಳಿಗೆ ಎಷ್ಟು ಅಶ್ವಶಕ್ತಿ ಬೇಕು? ಸಮನಾದ ರಸ್ತೆಯಲ್ಲಿ ಗಂಟೆಗೆ 90 ಕಿಲೋಮೀಟರು, ಎಂದರೆ ಸೆಕೆಂಡಿಗೆ 25 ಮೀಟರು ವೇಗದಲ್ಲಿ ಹೋಗುವ ಸವಾರನನ್ನು ಊಹಿಸೋಣ. ಅವನೂ ವಾಹನವೂ ಸಾಮಾನೂ ಸೇರಿ 300 ಕಿಲೋಗ್ರಾಂ ಇರಲಿ. ಗಾಳಿಯನ್ನು ಸೀಳುವ ಪರಿಣಾಮಕಾರಿ ಕ್ಷೇತ್ರ 0.6 ಚದರ ಮೀಟರು ಇರಲಿ. ಆಗ ಗಾಳಿಯ ತಡೆಗೆ ಸುಮಾರು 5.2 ಕಿಲೋವಾಟ್, ಚಕ್ರಗಳ ಉರುಳುವಿಕೆಗೆ 1.1 ಕಿಲೋವಾಟ್, ಒಟ್ಟು 6.3 ಕಿಲೋವಾಟ್ ಬೇಕಾಗುತ್ತದೆ. ಇದು ಎಂಟೂವರೆ ಅಶ್ವಶಕ್ತಿ. ಗೇರು, ಸರಪಳಿಗಳಲ್ಲಾಗುವ ನಷ್ಟವನ್ನು ಕೂಡಿಸಿದರೂ ಹತ್ತನ್ನು ದಾಟದು. ಘಟ್ಟದಲ್ಲಿ ಹನ್ನೆರಡು ಅಡಿಗೆ ಒಂದಡಿ ಏರುವ ದಾರಿಯನ್ನು ಇಬ್ಬರು ಕುಳಿತು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹತ್ತಲು ಆರು ಅಶ್ವಶಕ್ತಿ ಸಾಕು. ಉಳಿದ ಕುದುರೆಗಳು ಲಾಯದಲ್ಲಿ ಸುಮ್ಮನೆ ನಿಂತಿರುತ್ತವೆ.

ಹಾಗಾದರೆ ನಲವತ್ತು ಅಶ್ವಶಕ್ತಿ ವ್ಯರ್ಥವೆ? ಅಲ್ಲ. ಅದಕ್ಕೆ ಎರಡು ಸಂದರ್ಭಗಳಲ್ಲಿ ನಿಜವಾದ ಬೆಲೆಯಿದೆ. ಮೊದಲನೆಯದು ಮಹೋನ್ನತ ಪರ್ವತಗಳು. ಎಂಜಿನು ಪೆಟ್ರೋಲನ್ನು ಉರಿಸುವುದು ಗಾಳಿಯ ಆಮ್ಲಜನಕದಿಂದ. ಗಾಳಿ ತೆಳುವಾದಂತೆ ಅದರ ಸಾಮರ್ಥ್ಯವೂ ಕುಗ್ಗುತ್ತದೆ. ಲಡಾಖಿನ ಖಾರ್ದುಂಗ್ ಲಾ ಕಣಿವೆದಾರಿ 5,359 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇಕಡ 58 ಮಾತ್ರ. ಇಲ್ಲಿಯ ನಲವತ್ತು ಅಶ್ವಶಕ್ತಿ ಅಲ್ಲಿ ಇಪ್ಪತ್ತಮೂರಾಗುತ್ತದೆ; ಇಲ್ಲಿಯ ಹತ್ತೊಂಬತ್ತು ಅಲ್ಲಿ ಹನ್ನೊಂದಾಗುತ್ತದೆ. ಕಡಿದಾದ ತಿರುವಿನಲ್ಲಿ ಸಾಮಾನು ಹೊತ್ತು ಏರುವವನಿಗೆ ಈ ಅಂತರ ಸಣ್ಣದಲ್ಲ. ಆದರೆ ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಅಲ್ಲಿ ಸಾಂದ್ರತೆ ಕಡಿಮೆಯಾಗುವುದು ಆರರಲ್ಲೊಂದು ಪಾಲಿನಷ್ಟು. ಹಿಮಾಲಯಕ್ಕೆ ಬೇಕಾದ ಮೀಸಲು ಸಹ್ಯಾದ್ರಿಗೆ ಬೇಕಿಲ್ಲವೆಂಬುದು ಇದರಿಂದ ಸ್ಪಷ್ಟ.

ಎರಡನೆಯ ಸಂದರ್ಭ ಹೆಚ್ಚು ಗಂಭೀರವಾದದ್ದು. ಎದುರುಬದುರು ವಾಹನಗಳು ಓಡಾಡುವ ಹೆದ್ದಾರಿಯಲ್ಲಿ ಇಬ್ಬರು ಕುಳಿತು ಒಂದು ಲಾರಿಯನ್ನು ಹಿಂದೆ ಹಾಕಬೇಕು. ವೇಗವನ್ನು ಗಂಟೆಗೆ 60ರಿಂದ 80 ಕಿಲೋಮೀಟರಿಗೆ ಏರಿಸಬೇಕು. ಎಂಜಿನು ಪೂರ್ಣ ಸಾಮರ್ಥ್ಯದಿಂದ ದುಡಿದರೆ ಹಿಮಾಲಯನ್ನಿಗೆ ಇದು ಒಂದೂವರೆ ಸೆಕೆಂಡಿನ ಕೆಲಸ. ಹೋಲಿಕೆಗಾಗಿ ಹೀರೋ ಸಂಸ್ಥೆಯಿಂದ 2021ರಲ್ಲಿ ಬಂದ ಎಕ್ಸ್‌ಪಲ್ಸ್ 200 4ವಿ ಎಂಬ ಹಗುರ ವಾಹನವನ್ನು ತೆಗೆದುಕೊಳ್ಳೋಣ: 19 ಅಶ್ವಶಕ್ತಿ, 158 ಕಿಲೋಗ್ರಾಂ. ಅದಕ್ಕೆ ಮೂರೂವರೆ ಸೆಕೆಂಡಿನಷ್ಟು ಬೇಕು. ವ್ಯತ್ಯಾಸ ಎರಡೇ ಸೆಕೆಂಡು. ಆದರೆ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಎದುರು ಬರುವ ಬಸ್ಸು ಅಷ್ಟರಲ್ಲಿ 33 ಮೀಟರು ಹತ್ತಿರವಾಗಿರುತ್ತದೆ. ಹೆದ್ದಾರಿಯಲ್ಲೇ ಬಹುಕಾಲ ಕಳೆಯುವವನು ಅಶ್ವಶಕ್ತಿಗೆ ಹಣ ತೆತ್ತರೆ ಅದನ್ನು ಆಡಂಬರವೆಂದು ಹಳಿಯಲಾಗದು.

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ. ನೆಟ್ಟಗೆ ನಿಂತ ಮೋಟಾರು ಸೈಕಲ್ಲಿನ ಭಾರವನ್ನು ನೆಲ ಹೊರುತ್ತದೆ. ಸವಾರನಿಗೆ ಅದರ ಅರಿವೇ ಇರುವುದಿಲ್ಲ. ಮಾರಾಟದ ಮಳಿಗೆಯಲ್ಲಿ ಎಲ್ಲ ವಾಹನಗಳೂ ಹಗುರವೆನಿಸುವುದು ಇದರಿಂದಲೇ. ಆದರೆ ವಾಹನ ವಾಲಿದೊಡನೆ ಗುರುತ್ವಕೇಂದ್ರ ಚಕ್ರದ ನೇರದಿಂದ ಪಕ್ಕಕ್ಕೆ ಸರಿಯುತ್ತದೆ. ಆಗ ಭಾರದ ಒಂದಂಶ ಸವಾರನ ಮೈಮೇಲೆ ಬರುತ್ತದೆ. ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರು, ನಾವು ಹಿಡಿದ ಹ್ಯಾಂಡಲು 110 ಸೆಂಟಿಮೀಟರು ಎತ್ತರದಲ್ಲಿವೆಯೆಂದು ಭಾವಿಸಿದರೆ, ಸನ್ನೆಗೋಲಿನ ನಿಯಮದಂತೆ 196 ಕಿಲೋಗ್ರಾಂ ವಾಹನವನ್ನು 10 ಡಿಗ್ರಿ ಓರೆಯಲ್ಲಿ ತಡೆದು ನಿಲ್ಲಿಸಲು 17 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಸಾಕು. 20 ಡಿಗ್ರಿಗೆ ಅದು 33.5 ಆಗುತ್ತದೆ. 30 ಡಿಗ್ರಿಗೆ 49. ಹಗುರ ವಾಹನಕ್ಕೆ ಇದೇ 30 ಡಿಗ್ರಿಯಲ್ಲಿ ಬೇಕಾದದ್ದು 40ಕ್ಕಿಂತ ತುಸು ಕಡಿಮೆ. ನನ್ನಂಥ ಸಾಧಾರಣ ಮೈಕಟ್ಟಿನವನ ತೋಳು ಸೋಲುವುದೂ ಗೆಲ್ಲುವುದೂ ಈ ಅಂಕಿಗಳ ನಡುವೆಯೇ.

ಪ್ರವಾಸದ ಚೀಲಗಳು ಸೇರಿದರೆ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. 30 ಕಿಲೋಗ್ರಾಂ ಸಾಮಾನನ್ನು ನೆಲದಿಂದ 90 ಸೆಂಟಿಮೀಟರು ಎತ್ತರದಲ್ಲಿ ಕಟ್ಟಿದೆವೆನ್ನಿ. ಹಿಮಾಲಯನ್ನಿನ ತೂಕ ಹೆಚ್ಚಿದ್ದು ಶೇಕಡ 15. ತಡೆಹಿಡಿಯಲು ಬೇಕಾದ ಬಲ ಹೆಚ್ಚಿದ್ದು ಶೇಕಡ 25. ತೂಕವೆಷ್ಟು ಎಂಬುದರ ಜೊತೆಗೆ ಅದು ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯವಾಗುವುದು ಹೀಗೆ. ಆಷಾಢದ ಮಳೆಯಲ್ಲಿ, ಕೂಗಿದರೆ ಓಗೊಡುವವರಿಲ್ಲದ ತೋಟದ ದಾರಿಯಲ್ಲಿ, ಕಾಲೂರಿದ ನೆಲವೇ ಜಾರುವಾಗ, ಉರುಳಿದ ವಾಹನವನ್ನು ಎತ್ತಬೇಕಾದವನು ಸವಾರನೊಬ್ಬನೇ. ಅಲ್ಲಿ ಕೆಲಸಕ್ಕೆ ಬರುವುದು ಆಳಿನ ಬಲ, ಅಶ್ವಶಕ್ತಿಯಲ್ಲ.

ಇಂಥ ವಾಹನದಲ್ಲಿ ನನಗೆ ನಿಜವಾಗಿ ಬೇಕಾದ ಗುಣಗಳು ಇಲ್ಲವೆಂದಲ್ಲ. ದೊಡ್ಡ ಚಕ್ರದ ಪ್ರಯೋಜನ ಲೆಕ್ಕಕ್ಕೆ ಸಿಕ್ಕುವಂಥದು. ಹತ್ತು ಸೆಂಟಿಮೀಟರು ಎತ್ತರದ ಕಲ್ಲಿಗೆ ಮುಂದಿನ ಚಕ್ರ ತಾಗಿ ನಿಂತರೆ ಅದನ್ನು ಹತ್ತಿಸಲು, ಟೈರಿನ ಮೆತುತನವನ್ನು ಎಣಿಸದೆ, 21 ಅಂಗುಲದ ಚಕ್ರಕ್ಕೆ ಅದು ಹೊತ್ತ ಭಾರಕ್ಕೆ ಹೆಚ್ಚುಕಡಿಮೆ ಸಮನಾದ ನೂಕುಬಲ ಬೇಕು. ಪೇಟೆಯ ವಾಹನಗಳ 17 ಅಂಗುಲದ ಚಕ್ರಕ್ಕೆ ಭಾರಕ್ಕಿಂತ ಏಳರಲ್ಲೊಂದು ಪಾಲು ಹೆಚ್ಚು ಬೇಕು. ದೀರ್ಘವಾಗಿ ಕುಗ್ಗುವ ಸ್ಪ್ರಿಂಗುಗಳು ಗುಂಡಿಯ ಹೊಡೆತವನ್ನು ಹೆಚ್ಚು ದೂರಕ್ಕೆ ಹಂಚಿ ಅದರ ತೀಕ್ಷ್ಣತೆಯನ್ನು ತಗ್ಗಿಸುತ್ತವೆ. ಮಳೆಗಾಲದ ನಮ್ಮ ರಸ್ತೆಗಳಲ್ಲಿ ಬೆನ್ನುಮೂಳೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಮೇಲೆ ಹೇಳಿದ ಹಗುರ ವಾಹನಕ್ಕೂ ಮುಂದಿನ ಚಕ್ರ 21 ಅಂಗುಲದ್ದೇ. ಸ್ಪ್ರಿಂಗುಗಳು ಮುಂದೆ 190, ಹಿಂದೆ 170 ಮಿಲಿಮೀಟರು ಕುಗ್ಗುತ್ತವೆ. ನನಗೆ ಬೇಕಾದ ಗುಣದ ಬಹುಪಾಲು 38 ಕಿಲೋಗ್ರಾಂ ಕಡಿಮೆ ತೂಕದಲ್ಲಿ ದೊರೆಯುತ್ತದೆಂದಾಯಿತು.

ಆದ್ದರಿಂದ ನನ್ನ ತೀರ್ಮಾನ ಇದು: ಹಿಮಾಲಯನ್ ಒಳ್ಳೆಯ ವಾಹನ, ಆದರೆ ನಾನು ಅದನ್ನು ಕೊಳ್ಳುವುದಿಲ್ಲ. ಹಗುರವಾದದ್ದನ್ನೇ ಆರಿಸುತ್ತೇನೆ. ಈ ಆಯ್ಕೆಗೆ ತೆರಬೇಕಾದ ಬೆಲೆಯೂ ಇದೆ. ಪತ್ನಿಯೊಡನೆ ಹೆದ್ದಾರಿಗೆ ಇಳಿದ ದಿನ ಲಾರಿಯ ಹಿಂದೆಯೇ ಉಳಿದು, ಮುಂದಿನ ದಾರಿ ಬಹುದೂರ ಬರಿದಾಗುವವರೆಗೆ ಕಾಯುವ ತಾಳ್ಮೆಯನ್ನು ನಾನು ಕಲಿಯಬೇಕು. ವರ್ಷದಲ್ಲಿ ನಾಲ್ಕು ದಿನದ ಆ ತಾಳ್ಮೆಗಿಂತ 220 ದಿನದ ಭಾರ ನನಗೆ ದೊಡ್ಡದೆಂದು ತೋರಿತು. ಲಡಾಖಿನ ಆಸೆ ಫಲಿಸಿದರೆ ಲೇಹ್ ಪಟ್ಟಣದಲ್ಲಿ ಮೋಟಾರು ಸೈಕಲ್ಲುಗಳು ಬಾಡಿಗೆಗೆ ಸಿಕ್ಕುತ್ತವೆ. ಹತ್ತು ದಿನದ ಪರ್ವತಕ್ಕಾಗಿ ಹತ್ತು ವರ್ಷ ಪರ್ವತದ ವಾಹನವನ್ನು ಸಾಕಬೇಕಿಲ್ಲ.

ಇದು ಎಲ್ಲರಿಗೂ ಸಲ್ಲುವ ತೀರ್ಪಲ್ಲ. ಹೆದ್ದಾರಿಯ ಪಕ್ಕದಲ್ಲಿ ಮನೆಯಿದ್ದು, ತಿಂಗಳಿಗೆರಡು ಬಾರಿ ಇಬ್ಬರು ಕುಳಿತು ಮುನ್ನೂರು ಕಿಲೋಮೀಟರು ಪಯಣಿಸುವವರು ಇದೇ ಲೆಕ್ಕವನ್ನು ಮಾಡಿದರೆ ಉತ್ತರ ಹಿಮಾಲಯನ್ನಿನ ಕಡೆಗೆ ವಾಲೀತು. ಉತ್ತರಗಳು ಬೇರೆಯಾಗಲಿ, ಪ್ರಶ್ನೆ ಮಾತ್ರ ಒಂದೇ ಆಗಿರಬೇಕು. ವರ್ಷದ ದಿನಗಳನ್ನು ಎಣಿಸಿ, ಅತ್ಯಂತ ವಿರಳವಾದ ದಿನಕ್ಕಾಗಿ ಕೊಳ್ಳುತ್ತಿದ್ದೇನೆಯೋ ಅತ್ಯಂತ ಸಾಮಾನ್ಯವಾದ ದಿನಕ್ಕಾಗಿಯೋ ಎಂದು ಕೊಳ್ಳುವವನು ತನ್ನನ್ನೇ ಕೇಳಿಕೊಳ್ಳಬೇಕು.

ತಯಾರಕರಲ್ಲಿಯೂ ಒಂದು ಬೇಡಿಕೆ. ನಾನು ತಿರುವಿ ನೋಡಿದ ಮಾಹಿತಿಪತ್ರಗಳಲ್ಲಿ ಅಶ್ವಶಕ್ತಿಯನ್ನು ದಶಮಾಂಶದವರೆಗೆ ಮುದ್ರಿಸಿದ್ದಾರೆ. ಗುರುತ್ವಕೇಂದ್ರದ ಎತ್ತರವನ್ನು ಎಲ್ಲಿಯೂ ಹೇಳಿಲ್ಲ. ಮೇಲೆ ನಾನು 55 ಸೆಂಟಿಮೀಟರೆಂದು ಭಾವಿಸಿಕೊಳ್ಳಬೇಕಾಗಿ ಬಂದದ್ದು ಈ ಕಾರಣದಿಂದಲೇ. ವಾಹನವನ್ನು ರಚಿಸಿದ ಎಂಜಿನಿಯರುಗಳಿಗೆ ತಿಳಿದಿರುವ ಈ ಒಂದು ಅಂಕಿಯನ್ನು ಕೊಳ್ಳುವವನಿಗೂ ತಿಳಿಸಿದರೆ ಅವನ ಬೆನ್ನಿಗೂ ಮೊಣಕಾಲಿಗೂ ಉಪಕಾರವಾದೀತು. ಅಲ್ಲಿಯವರೆಗೆ ವಾಚಕರು ತಾವೇ ಒಂದು ಪ್ರಯೋಗವನ್ನು ಮಾಡಬಹುದು. ಮಳಿಗೆಗೆ ಹೋದಾಗ ಎಂಜಿನನ್ನು ಚಾಲೂ ಮಾಡುವ ಮೊದಲು, ಪಕ್ಕದಲ್ಲೊಬ್ಬರನ್ನು ಆಸರೆಗೆ ನಿಲ್ಲಿಸಿಕೊಂಡು, ವಾಹನವನ್ನು ಮೆಲ್ಲಗೆ ಓರೆಮಾಡಿ ಹಿಡಿಯಿರಿ. ಅನಂತರ ತುಸು ಏರುನೆಲದಲ್ಲಿ ಅದನ್ನು ಹಿಮ್ಮುಖವಾಗಿ ನೂಕಿ ನೋಡಿರಿ. ಸವಾರಿ ಮಾಡಿ ನೋಡುವುದನ್ನು ಇದಾದ ಮೇಲೆ ಇಟ್ಟುಕೊಳ್ಳಿರಿ.