ಆಮಂತ್ರಣ ಪತ್ರಿಕೆಯಲ್ಲಿ ಊಟದ ಹೊತ್ತು

ಗುರುಗ್ರಾಮದಲ್ಲಿ ನೆಲೆಸಿರುವ ನಮ್ಮ ಕನ್ನಡ ಜೈನ ಕುಟುಂಬಗಳಲ್ಲಿ ಮದುವೆ ನಿಶ್ಚಯವಾದೊಡನೆ ಏಳುವ ಪ್ರಶ್ನೆ, ಯಾರನ್ನು ಕರೆಯಬೇಕೆಂಬುದು. ಕಚೇರಿಯ ಮೇಲಧಿಕಾರಿಗಳು, ವ್ಯವಹಾರದ ನಂಟಿನವರು ಪಟ್ಟಿಯ ತಲೆಗೆ ಬರುತ್ತಾರೆ. ಬೆಳಗಾವಿ, ಮೂಡುಬಿದಿರೆಗಳ ಹಿರಿಯರಿಗೆ ವಾಟ್ಸ್ಆ್ಯಪ್‌ನಲ್ಲಿ ಪತ್ರಿಕೆ ತಲುಪುತ್ತದೆ.

2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯ ನಡುವೆ, ಹರಿಯಾಣ ಸರ್ಕಾರ ಮದುವೆಗೆ 11 ಜನರ ಮಿತಿಯನ್ನು ವಿಧಿಸಿ ದಿಬ್ಬಣವನ್ನು ನಿಷೇಧಿಸಿತ್ತು. ಅಂದಿನ ಪಟ್ಟಿಗಳಲ್ಲಿ ಮೇಲಧಿಕಾರಿಗಳು ಇದ್ದಿರಲಾರರು.

ಆದರೂ ನನ್ನ ಆಕ್ಷೇಪ ಪಟ್ಟಿಯ ಉದ್ದದ ಬಗ್ಗೆ ಅಲ್ಲ. ಇಲ್ಲಿನ ರೂಢಿಯಂತೆ ದಿಬ್ಬಣ ಬರುವುದೇ ರಾತ್ರಿ ಒಂಬತ್ತಕ್ಕೆ, ಊಟ ಹತ್ತರ ಮೇಲೆ. ಡಿಸೆಂಬರಿನಲ್ಲಿ ಸೂರ್ಯ ಐದೂವರೆಗೆಲ್ಲ ಮುಳುಗಿರುತ್ತಾನೆ. ರಾತ್ರಿಭೋಜನ ತ್ಯಾಗದ ವ್ರತವುಳ್ಳ ಅಜ್ಜಿಯ ಹೆಸರನ್ನು ಪಟ್ಟಿಯಲ್ಲಿ ಬರೆದೆವು, ಆಕೆಗೆ ಎಲೆ ಹಾಕಲಿಲ್ಲ. ಆಲೂಗಡ್ಡೆ, ಈರುಳ್ಳಿ ಇಲ್ಲದ 'ಜೈನ ಕೌಂಟರ್' ಒಂದನ್ನು ಮೂಲೆಯಲ್ಲಿರಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಜೈನರ ಮದುವೆಯಲ್ಲಿಯೇ ಜೈನರಿಗೆ ಬೇರೆ ಕೌಂಟರ್! ಊರಿನಲ್ಲಿ ಹಗಲು ಮುಹೂರ್ತ, ಮಧ್ಯಾಹ್ನದ ಪಂಕ್ತಿ ಇದ್ದಾಗ ಈ ತೊಡಕೇ ಇರಲಿಲ್ಲ.

ಆದುದರಿಂದ ಹೆಸರುಗಳಿಗಿಂತ ಮೊದಲು ಊಟದ ವೇಳೆಯನ್ನು ಗೊತ್ತುಮಾಡೋಣ. ಹಗಲಿನಲ್ಲಿ ಕಚೇರಿಯವರು ಬರಲಾರರು ಎನ್ನುವವರಿದ್ದಾರೆ. ಭಾನುವಾರವೂ ಎರಡು ಗಂಟೆ ಬಿಡುವಾಗದ ಅತಿಥಿಗಾಗಿ ಅಜ್ಜಿಯನ್ನು ಉಪವಾಸ ಕೂರಿಸುವುದು ಯಾವ ನ್ಯಾಯ? ಹತ್ತು ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಲಟ್ಟಿಸಿದಾಕೆಯೂ ಮಧ್ಯಾಹ್ನವಾದರೆ ಮಕ್ಕಳೊಡನೆ ಬಂದು ಪಂಕ್ತಿಯಲ್ಲಿ ಕೂರಬಲ್ಲಳು. ರಾತ್ರಿ ಹನ್ನೊಂದಕ್ಕೆ ಆಕೆಗೆ ದೊರೆಯುವುದು ಕೈಗಿಡುವ ಪೊಟ್ಟಣ ಮಾತ್ರ.