ಗೌರವ ಕೊಡೋಣ, ತಿಳಿದು ಕೊಡೋಣ

ಸ್ಯಾನ್ ಡಿಯಾಗೊದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಸೈನಿಕರು ಹೊಸಬರಲ್ಲ. ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುವ ಗೆಳತಿಯ ಅಪ್ಪ ನೌಕಾಪಡೆಯ ಹಡಗು ಹತ್ತಿ ಹೋದರೆ ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಏರ್‌ಪೋರ್ಟಿನಲ್ಲಿ ಸೈನಿಕರನ್ನು ಮೊದಲು ವಿಮಾನ ಹತ್ತಲು ಕರೆಯುತ್ತಾರೆ. ನಮ್ಮ ಪ್ಯಾಡ್ರೆಸ್ ತಂಡ ಎಷ್ಟೋ ವರ್ಷ ಭಾನುವಾರದ ಪಂದ್ಯಗಳಲ್ಲಿ ಸೈನಿಕರ ಬಟ್ಟೆಯಂಥ ಮಚ್ಚೆ ಮಚ್ಚೆ ಜೆರ್ಸಿ ಹಾಕಿಕೊಂಡೇ ಆಡಿದೆ. ಸ್ಟೇಡಿಯಮ್ಮಿನಲ್ಲಿ ಮಾಜಿ ಸೈನಿಕರ ಹೆಸರು ಹೇಳಿದಾಗ ನಾವೆಲ್ಲ ಎದ್ದು ಚಪ್ಪಾಳೆ ತಟ್ಟುತ್ತೇವೆ. "ಥ್ಯಾಂಕ್ ಯೂ ಫಾರ್ ಯುವರ್ ಸರ್ವೀಸ್" ಎನ್ನುವ ಮಾತಂತೂ ನಮ್ಮ ಮಕ್ಕಳ ಬಾಯಲ್ಲಿ "ನಮಸ್ಕಾರ"ಕ್ಕಿಂತ ಸಲೀಸಾಗಿ ಬರುತ್ತೆ.

ಇದು ಒಳ್ಳೆಯ ಅಭ್ಯಾಸವೇ. ವಿಯೆಟ್ನಾಂ ಯುದ್ಧದಿಂದ ಮರಳಿದ ಎಷ್ಟೋ ಸೈನಿಕರಿಗೆ ಈ ದೇಶದಲ್ಲಿ ಇಂಥ ಸ್ವಾಗತ ಸಿಗಲಿಲ್ಲ. ಯುದ್ಧದ ಮೇಲಿನ ಸಿಟ್ಟು ಯುದ್ಧಕ್ಕೆ ಹೋಗಿ ಬಂದ ಹುಡುಗರ ಮೇಲೆ ತಿರುಗಿತು. ಇವತ್ತಿನ ಚಪ್ಪಾಳೆಯಲ್ಲಿ ಅದನ್ನು ತಿದ್ದಿಕೊಳ್ಳುವ ಪ್ರಯತ್ನವೂ ಇದೆ. ಆದರೆ ನನ್ನದೊಂದು ಪ್ರಶ್ನೆ. ನಾವು ಚಪ್ಪಾಳೆ ತಟ್ಟೋದು ಅವರು ನಿಜವಾಗಿ ಮಾಡುವ ಕೆಲಸಕ್ಕೋ, ಸಿನಿಮಾದಲ್ಲಿ ನೋಡಿದ ಹೀರೋಗೋ?

'ದೂರದ ಬೆಟ್ಟ ನುಣ್ಣಗೆ' ಅಂತ ಗಾದೆ ಇದೆಯಲ್ಲ, ಕಮಾಂಡೊ ಎಂಬ ಬೆಟ್ಟ ವಿಡಿಯೋ ಗೇಮಿನಲ್ಲಿ ಎಲ್ಲಕ್ಕಿಂತ ನುಣ್ಣಗೆ ಕಾಣುತ್ತೆ. ಅಲ್ಲಿ ಚಳಿ ಇಲ್ಲ, ಹಸಿವಿಲ್ಲ, ನಿದ್ದೆಗೆಡುವುದಿಲ್ಲ. ಗುಂಡು ತಗುಲಿದರೆ ಹತ್ತು ಸೆಕೆಂಡಿಗೆ ಮತ್ತೆ ಎದ್ದು ಬರಬಹುದು. ಹಾಗಾಗಿ ಗಟ್ಟಿತನ ಅಂದರೆ ದಪ್ಪ ತೋಳು, ದೊಡ್ಡ ಬಂದೂಕು, ಜೋರು ದನಿ ಅಂತ ಮಕ್ಕಳು ಅಂದುಕೊಂಡರೆ ಅವರ ತಪ್ಪಲ್ಲ. ಆದರೆ ತಿಳಿಯದೆ ಕೊಡುವ ಗೌರವ ಅರ್ಧ ಗೌರವ. ಪೂರ್ತಿ ಕೊಡಬೇಕಾದರೆ ಆ ಕೆಲಸ ಏನು ಕೇಳುತ್ತೆ ಅಂತ ಸ್ವಲ್ಪವಾದರೂ ತಿಳಿದುಕೊಳ್ಳಬೇಕು.

ಅದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಸೇತುವೆ ದಾಟಿದರೆ ಕೊರೊನಾಡೊ. ನಾವು ಮರಳಿನ ಗುಡಿ ಕಟ್ಟಿ ಆಡುವ ಅದೇ ಕಡಲತೀರದಲ್ಲಿ, ಸ್ವಲ್ಪ ಆಚೆಗೆ, ನೇವಿ ಸೀಲ್ ಆಗಬಯಸುವವರ ಮೊದಲ ತರಬೇತಿ ನಡೆಯುತ್ತೆ. 1962ರಲ್ಲಿ, ಅಧ್ಯಕ್ಷ ಕೆನಡಿಯವರ ಕಾಲದಲ್ಲಿ ಹುಟ್ಟಿದ ಪಡೆ ಇದು. ಸಮುದ್ರ, ಆಕಾಶ, ನೆಲ ಮೂರರಲ್ಲೂ ಕೆಲಸ ಮಾಡುವವರು ಎಂಬ ಅರ್ಥದಲ್ಲಿ, ಆ ಮೂರು ಇಂಗ್ಲಿಷ್ ಪದಗಳ ಅಕ್ಷರ ಸೇರಿಸಿ 'ಸೀಲ್' ಅಂತ ಹೆಸರಿಟ್ಟರು. ಈ ತರಬೇತಿ ಸುಮಾರು ಆರು ತಿಂಗಳದ್ದು. ಸೇರುವವರೆಲ್ಲ ಈಜು, ಓಟ, ದಂಡ ಎಲ್ಲದರಲ್ಲೂ ಮೊದಲೇ ಪಾಸಾದ ಗಟ್ಟಿಗರು. ಆದರೂ ಹೆಚ್ಚಿನವರು ಇದನ್ನು ಮುಗಿಸುವುದಿಲ್ಲ.

ಅದರಲ್ಲಿ 'ಹೆಲ್ ವೀಕ್' ಎಂಬ ಒಂದು ವಾರ ಇದೆ. ಐದೂವರೆ ದಿನ. ಅಷ್ಟೂ ದಿನಕ್ಕೆ ಸೇರಿಸಿ ಸಿಗುವ ನಿದ್ದೆ ಸುಮಾರು 4 ಗಂಟೆ. ಓಡುವುದು 200 ಮೈಲಿಗೂ ಹೆಚ್ಚು. ಬೆಂಗಳೂರಿನಿಂದ ಮೈಸೂರಿಗೆ ಓಡಿಹೋಗಿ, ಮತ್ತೆ ಬೆಂಗಳೂರಿಗೆ ಓಡಿಬಂದರೂ ಅಷ್ಟು ದೂರ ಆಗುವುದಿಲ್ಲ! ನಡುನಡುವೆ ಎಲ್ಲರೂ ಕೈಗೆ ಕೈ ಹೆಣೆದುಕೊಂಡು ತಣ್ಣನೆಯ ಅಲೆಗಳಲ್ಲಿ ಅಂಗಾತ ಮಲಗಬೇಕು. ಎದ್ದ ಮೇಲೆ ಒದ್ದೆ ಬಟ್ಟೆಯಲ್ಲೇ ಮರಳಲ್ಲಿ ಹೊರಳಾಡಬೇಕು. ಮೈಯೆಲ್ಲ ಮರಳು ಮೆತ್ತಿಕೊಂಡ ಆ ಸ್ಥಿತಿಗೆ ಅವರು ಇಟ್ಟ ಹೆಸರು 'ಶುಗರ್ ಕುಕಿ'. ಹೆಸರು ಸಿಹಿ, ಆದರೆ ದಿನವಿಡೀ ಆ ಮರಳು ಚರ್ಮ ಉಜ್ಜುತ್ತಲೇ ಇರುತ್ತೆ.

ಇಷ್ಟು ಕೇಳಿದರೆ ಇದು ಬರೀ ಮೈ ಗಟ್ಟಿ ಇರುವವರ ಕೆಲಸ ಅನ್ನಿಸಬಹುದು. ನಿಜವಾದ ಪರೀಕ್ಷೆ ಬೇರೆಯೇ ಇದೆ. ಏಳು ಜನರ ಒಂದೊಂದು ತಂಡಕ್ಕೆ ಒಂದು ರಬ್ಬರ್ ದೋಣಿ. ಎಲ್ಲಿಗೆ ಹೋದರೂ ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ಓಡಬೇಕು. ಸುಸ್ತಾಗಿ ಒಬ್ಬ ಸ್ವಲ್ಪ ಕತ್ತು ಬಗ್ಗಿಸಿದರೆ ಅವನಿಗೆ ಭಾರ ತಪ್ಪುತ್ತೆ, ಆದರೆ ಅದು ಮಾಯವಾಗುವುದಿಲ್ಲ, ಪಕ್ಕದವನ ತಲೆಗೆ ಹೋಗುತ್ತೆ. ನೋಡುವವರಿಗೆ ಗೊತ್ತಾಗದೇ ಇರಬಹುದು. ಪಕ್ಕದವನಿಗೆ ಗೊತ್ತಾಗುತ್ತೆ. ಯಾರೂ ನೋಡದಿದ್ದರೂ ತನ್ನ ಪಾಲಿನ ಭಾರ ಹೊರುವುದು, ಇದು ಗಟ್ಟಿತನದ ಮೊದಲ ಪಾಠ.

ವಿಲಿಯಂ ಮೆಕ್‌ರೇವನ್ ಎಂಬ ಅಡ್ಮಿರಲ್ ಇದೇ ತರಬೇತಿ ಮುಗಿಸಿದವರು. 2014ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಪದವಿ ಸಮಾರಂಭದಲ್ಲಿ ಮಾತಾಡುತ್ತಾ ಅವರು ತಮ್ಮ ಬ್ಯಾಚಿನ ಅತ್ಯುತ್ತಮ ದೋಣಿ ತಂಡದ ಕಥೆ ಹೇಳಿದರು. ಆ ತಂಡದಲ್ಲಿದ್ದವರೆಲ್ಲ ಕುಳ್ಳರು. ಐದಡಿ ಐದಿಂಚಿಗಿಂತ ಎತ್ತರದವರು ಒಬ್ಬರೂ ಇರಲಿಲ್ಲವಂತೆ. ಬೇರೆ ತಂಡದ ದೊಡ್ಡ ಆಳುಗಳು ಅವರ ಪುಟ್ಟ ಪಾದಗಳನ್ನು ನೋಡಿ ತಮಾಷೆ ಮಾಡುತ್ತಿದ್ದರು. ಆದರೆ ಹುಟ್ಟು ಹಾಕುವುದರಲ್ಲಿ, ಓಟದಲ್ಲಿ, ಈಜಿನಲ್ಲಿ ಎಲ್ಲರಿಗಿಂತ ಮೊದಲು ದಡ ಸೇರುತ್ತಿದ್ದವರು ಇವರೇ. ಪಿ.ಇ. ಕ್ಲಾಸಿನಲ್ಲಿ ಕೊನೆಗೆ ಆಯ್ಕೆಯಾಗುವ ಮಕ್ಕಳೇ, ಈ ಕಥೆ ನೆನಪಿಟ್ಟುಕೊಳ್ಳಿ.

ಎರಡನೇ ಪಾಠ ಈಜುಕೊಳದ ತಳದಲ್ಲಿದೆ. ಅಭ್ಯರ್ಥಿ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗಿರುವಾಗ ತರಬೇತುದಾರರೇ ಬಂದು ಉಸಿರಾಟದ ಕೊಳವೆ ಕಿತ್ತು ಗಂಟು ಹಾಕುತ್ತಾರೆ. ಉಸಿರು ಕಟ್ಟುತ್ತಿರುವಾಗಲೂ ಕಲಿಸಿದ ಕ್ರಮದಲ್ಲೇ ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಗಾಬರಿಯಾಗಿ ಮೇಲೆ ಚಿಮ್ಮಿದರೆ ಫೇಲ್. ಅಲ್ಲಿ ತೋಳಿನ ಬಲ ಉಪಯೋಗಕ್ಕೆ ಬರುವುದಿಲ್ಲ, ಮನಸ್ಸಿನ ಶಾಂತಿ ಬರುತ್ತೆ. ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ರಾತ್ರಿ 2 ಗಂಟೆಗೆ ಸರ್ವರ್ ಕೆಟ್ಟರೆ ಎಲ್ಲರೂ ಸೇರುವ ಮೀಟಿಂಗಿಗೆ 'ವಾರ್ ರೂಮ್' ಅಂತಾರೆ. ಅಲ್ಲಿ ಹಾರುವುದು ಗುಂಡಲ್ಲ, ಇಮೇಲ್. ಬೆಳಗ್ಗೆ ಎಲ್ಲರೂ ಮನೆಯಲ್ಲೇ ಇರುತ್ತಾರೆ, ಕಾಫಿ ಕೈಯಲ್ಲಿರುತ್ತೆ. ಯುದ್ಧದ ಪದಗಳನ್ನು ಇಷ್ಟು ಅಗ್ಗವಾಗಿ ಬಳಸುವುದನ್ನು ನಾವು ದೊಡ್ಡವರು ಬಿಟ್ಟರೂ ಅದೊಂದು ಗೌರವವೇ.

ಮೂರನೇ ಪಾಠ ಸಂಯಮ. ತುಂಬಿದ ಕೊಡ ತುಳುಕುವುದಿಲ್ಲ. ಇದಕ್ಕೆ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಬೆಳೆದವರು, ಮೇಜರ್ ಸಂದೀಪ್ ಉನ್ನಿಕೃಷ್ಣನ್. ಭಾರತದ ಎನ್‌ಎಸ್‌ಜಿ ಕಮಾಂಡೊ ಪಡೆಯ ಅಧಿಕಾರಿ. 2008ರ ನವೆಂಬರಿನಲ್ಲಿ ಮುಂಬೈ ಮೇಲೆ ಭಯೋತ್ಪಾದಕರ ದಾಳಿಯಾದಾಗ ತಾಜ್ ಹೋಟೆಲಿನೊಳಗೆ ತಮ್ಮ ತಂಡವನ್ನು ಮುನ್ನಡೆಸಿದರು. ಒತ್ತೆಯಾಗಿದ್ದ 14 ಜನರನ್ನು ರಕ್ಷಿಸಿದರು. ಜೊತೆಗಿದ್ದ ಕಮಾಂಡೊ ಒಬ್ಬರಿಗೆ ಗುಂಡೇಟು ಬಿದ್ದಾಗ ಮೊದಲು ಅವರನ್ನು ಹೊರಗೆ ಸಾಗಿಸುವ ವ್ಯವಸ್ಥೆ ಮಾಡಿದರು. ಆಮೇಲೆ ಉಗ್ರರ ಬೆನ್ನು ಹತ್ತಿದರು. ನವೆಂಬರ್ 28ರಂದು, 31ನೇ ವಯಸ್ಸಿನಲ್ಲಿ ಪ್ರಾಣ ಕೊಟ್ಟರು. ಅವರಿಗೆ ಅಶೋಕ ಚಕ್ರ ಸಂದಿತು. ಅವರ ಹೆಸರಿನ ರಸ್ತೆ ಯಲಹಂಕದಲ್ಲಿದೆ. ಅವರು ಮಾಡಿದ ಕೆಲಸದ ಕ್ರಮ ಗಮನಿಸಿ: ಮೊದಲು ಜೊತೆಗಾರ, ಆಮೇಲೆ ಶತ್ರು.

ಅದೇ ಮೂರು ದಿನ ಹೊರಗಿದ್ದ ನಾವೇನು ಮಾಡಿದೆವು? ದೇಶಕ್ಕೆ ದೇಶವೇ ಟಿವಿ ಮುಂದೆ ಕೂತಿತ್ತು. ಕಮಾಂಡೊಗಳು ಎಲ್ಲಿ ಇಳಿಯುತ್ತಿದ್ದಾರೆ ಅನ್ನುವುದನ್ನೂ ಚಾನೆಲ್ಲುಗಳು ನೇರವಾಗಿ ತೋರಿಸಿದವು. ಗಡಿಯಾಚೆ ಕೂತು ಫೋನಿನಲ್ಲಿ ಉಗ್ರರಿಗೆ ಸೂಚನೆ ಕೊಡುತ್ತಿದ್ದವರೂ ಅದೇ ಟಿವಿ ನೋಡುತ್ತಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಈ ನೇರ ಪ್ರಸಾರವನ್ನು ಕಟುವಾಗಿ ಟೀಕಿಸಿತು. ನೋಡುವ ಕುತೂಹಲಕ್ಕೆ ಗೌರವ ಅಂತ ಹೆಸರಿಡಬಾರದು. ಕೆಲವು ಸಲ ಸೈನಿಕನಿಗೆ ನಾವು ಕೊಡಬಹುದಾದ ಅತಿ ದೊಡ್ಡ ಗೌರವ ಅಂದರೆ ಕ್ಯಾಮೆರಾ ಆಫ್ ಮಾಡಿ ಸುಮ್ಮನಿರುವುದು.

ಇನ್ನು ಕೊರೊನಾಡೊದ ಹಿತ್ತಾಳೆ ಗಂಟೆಯ ವಿಷಯ. ಇನ್ನು ಸಾಧ್ಯವಿಲ್ಲ ಅನ್ನಿಸಿದವರು ಆ ಗಂಟೆಯನ್ನು ಮೂರು ಸಲ ಬಾರಿಸಿ, ಹೆಲ್ಮೆಟ್ ಸಾಲಿನಲ್ಲಿಟ್ಟು ಹೊರಡಬಹುದು. ಗಂಟೆ ಬಾರಿಸಬೇಡಿ ಅನ್ನೋದನ್ನೇ ಕಚೇರಿಯ ಉಪನ್ಯಾಸಗಳಲ್ಲಿ, ಪ್ರೇರಣೆಯ ವಿಡಿಯೋಗಳಲ್ಲಿ ಹೇಳುತ್ತಾರೆ. ನಾವು ಪೋಷಕರೂ ಅದನ್ನು ಎತ್ತಿಕೊಂಡು ಪಿಯಾನೊ ಬಿಡ್ತೀನಿ ಅನ್ನುವ ಮಗುವಿನ ಮುಂದೆ ಹಿಡಿಯುತ್ತೇವೆ. ನನಗೆ ಇದು ಸರಿ ಕಾಣುವುದಿಲ್ಲ. ಗಂಟೆ ಬಾರಿಸಿದವರು ಹೇಡಿಗಳಲ್ಲ. ಅವರಲ್ಲಿ ಹೆಚ್ಚಿನವರು ನೌಕಾಪಡೆಯ ಬೇರೆ ಕೆಲಸಗಳಲ್ಲಿ ಮುಂದುವರಿಯುತ್ತಾರೆ. ಆ ಗಂಟೆ ಅಲ್ಲಿರುವುದೇ ನಿಲ್ಲಿಸುವ ಹಕ್ಕು ಎಲ್ಲರಿಗೂ ಇರಲಿ ಅಂತ. 2022ರ ಫೆಬ್ರವರಿಯಲ್ಲಿ ಹೆಲ್ ವೀಕ್ ಮುಗಿಸಿದ ಕೆಲವೇ ಗಂಟೆಗಳಲ್ಲಿ ಒಬ್ಬ ಯುವಕ ನ್ಯುಮೋನಿಯಾದಿಂದ ತೀರಿಕೊಂಡ. ಆಮೇಲೆ ನೌಕಾಪಡೆ ತನಿಖೆ ನಡೆಸಿ ವೈದ್ಯಕೀಯ ನಿಗಾ ಬಿಗಿ ಮಾಡಿತು. ನೋವು ಸಹಿಸುವುದು ಗಟ್ಟಿತನ, ಆದರೆ ನೋವನ್ನು ಮುಚ್ಚಿಡುವುದು ಗಟ್ಟಿತನ ಅಲ್ಲ. ಮಕ್ಕಳೇ, ಆಟದಲ್ಲಿ ತಲೆಗೆ ಪೆಟ್ಟಾದರೆ ಕೋಚ್‌ಗೆ ಹೇಳಿ. ಮನಸ್ಸಿಗೆ ಭಾರವಾದರೆ ಅಪ್ಪ ಅಮ್ಮನಿಗೆ ಹೇಳಿ. ಜಗತ್ತಿನ ಅತಿ ಗಟ್ಟಿ ಸೈನಿಕರಿಗೂ ಸಹಾಯ ಬೇಕಾಗುತ್ತೆ. ಅದಕ್ಕೇ ಈ ದೇಶದಲ್ಲಿ 988ಕ್ಕೆ ಫೋನ್ ಮಾಡಿ 1 ಒತ್ತಿದರೆ ಮಾಜಿ ಸೈನಿಕರ ಕಷ್ಟ ಕೇಳುವವರು ಹಗಲೂ ರಾತ್ರಿ ಸಿಗುತ್ತಾರೆ.

ಗಟ್ಟಿತನಕ್ಕೆ ಬ್ಯಾಡ್ಜ್ ಇರಲೇಬೇಕು ಅಂತಲೂ ಇಲ್ಲ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಕಮಾಂಡೊ ಆಗಿರಲಿಲ್ಲ, ಮದ್ರಾಸ್ ರೆಜಿಮೆಂಟಿನ ಸೈನಿಕ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮಕುಸಿತ ಅವರ ಶಿಬಿರವನ್ನು ಹೂತುಹಾಕಿತು. ಡಾಟ್, ಮಿಶಾ ಎಂಬ ನಾಯಿಗಳ ಜೊತೆ ರಕ್ಷಣಾ ತಂಡ ಹಗಲಿರುಳು ಹಿಮ ಕೊರೆದು ಫೆಬ್ರವರಿ 8ರಂದು ಅವರನ್ನು ಜೀವಂತವಾಗಿ ಹೊರತೆಗೆಯಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಆ ದಿನಗಳಲ್ಲಿ ಕರ್ನಾಟಕ ಇಡೀ ಅವರಿಗಾಗಿ ಪ್ರಾರ್ಥಿಸಿತ್ತು. ಅದೇ ಹಿಮದಲ್ಲಿ ಅವರ ಒಂಬತ್ತು ಜನ ಸಂಗಾತಿಗಳೂ ಹೋದರು ಎಂಬುದನ್ನೂ ನೆನೆಯಬೇಕು.

ಹಾಗಾದರೆ ಸೈನಿಕರನ್ನು ಗೌರವಿಸಿದರೆ ಯುದ್ಧವನ್ನೇ ಹೊಗಳಿದಂತಲ್ಲವೇ ಅಂತ ನಮ್ಮ ಹೈಸ್ಕೂಲ್ ಮಕ್ಕಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಯುದ್ಧ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಸರ್ಕಾರ, ಆ ಸರ್ಕಾರವನ್ನು ಆರಿಸುವುದು ಜನ. ಸೈನಿಕ ಹೋಗುತ್ತಾನೆ. ಯುದ್ಧವನ್ನು ಪ್ರಶ್ನಿಸುತ್ತಲೇ ಸೈನಿಕನನ್ನು ಗೌರವಿಸಬಹುದು. ಅಷ್ಟೇ ಅಲ್ಲ, ಒಂದು ಜೀವವನ್ನು ಬೆಲೆಬಾಳುವುದು ಅಂತ ತಿಳಿದವರು ಅದನ್ನು ಕಳಿಸುವ ಮುಂಚೆ ಹತ್ತು ಸಲ ಪ್ರಶ್ನೆ ಕೇಳಲೇಬೇಕು. ಸಮವಸ್ತ್ರ ಹಾಕಿದ ಮಾತ್ರಕ್ಕೆ ಯಾರೂ ಕಾನೂನಿಗಿಂತ ದೊಡ್ಡವರಲ್ಲ, ಅದೂ ನಿಜ.

ಕೊನೆಯದಾಗಿ ಪೋಷಕರಿಗೆ ಒಂದು ಮಾತು. 1973ರಿಂದ ಅಮೆರಿಕದಲ್ಲಿ ಕಡ್ಡಾಯ ಸೈನ್ಯ ಭರ್ತಿ ಇಲ್ಲ. ಇವತ್ತು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನ ಸೈನ್ಯದಲ್ಲಿದ್ದಾರೆ. ಉಳಿದ ನಮಗೆ ಗೌರವ ಪುಕ್ಕಟೆಯಾಗಿದೆ. ನಮ್ಮ ಮಗಳೋ ಮಗನೋ ಬಂದು "ಅಪ್ಪಾ, ನಾನು ನೇವಿ ಸೇರ್ತೀನಿ" ಅಂದರೆ ನಮ್ಮಲ್ಲಿ ಎಷ್ಟು ಜನ ಚಪ್ಪಾಳೆ ತಟ್ಟುತ್ತೇವೆ? ಹೆಚ್ಚಿನ ಮನೆಗಳಲ್ಲಿ "ಮೊದಲು ಕಂಪ್ಯೂಟರ್ ಸೈನ್ಸ್ ಮುಗಿಸು, ಆಮೇಲೆ ನೋಡೋಣ" ಅನ್ನುವ ಉತ್ತರ ಬರುತ್ತೆ. ಕೊಡಗಿನಲ್ಲಿ ಹಾಗಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರನ್ನು ಕೊಟ್ಟ ಆ ನಾಡಿನಲ್ಲಿ ಸೈನಿಕ ಅಂದರೆ ಪರದೆ ಮೇಲಿನ ಹೀರೋ ಅಲ್ಲ, ಪಕ್ಕದ ಮನೆಯ ಅಣ್ಣ. ಅವನ ತಾಯಿ ಕಾಯುವುದನ್ನು ಊರು ನೋಡಿರುತ್ತೆ.

ಎಲ್ಲರೂ ಮಕ್ಕಳನ್ನು ಸೈನ್ಯಕ್ಕೆ ಕಳಿಸಿ ಅಂತ ನಾನು ಹೇಳುತ್ತಿಲ್ಲ. ಆ ಮಾತು ಕೇಳಿದಾಗ ನಮ್ಮ ಹೊಟ್ಟೆಯಲ್ಲಿ ಆಗುವ ಸಂಕಟ ಇದೆಯಲ್ಲ, ಅದನ್ನು ಮರೆಯಬೇಡಿ ಅಂತ ಮಾತ್ರ ಹೇಳುತ್ತೇನೆ. ಯಾರದೋ ಅಪ್ಪ ಅಮ್ಮ ಅದೇ ಸಂಕಟವನ್ನು ದಿನಾ ಹೊತ್ತುಕೊಂಡು ಇದ್ದಾರೆ. ಚಪ್ಪಾಳೆ ತಟ್ಟುವಾಗ ಅದು ನೆನಪಿರಲಿ.

ನಾವು ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ಅಪ್ಪ ಅಥವಾ ಅಮ್ಮ ಹಡಗಿನಲ್ಲಿರುವ ಗೆಳೆಯರನ್ನು ಯುಗಾದಿ ಊಟಕ್ಕೆ ಕರೆಯಿರಿ. ಸೈನಿಕರು ಸಿಕ್ಕಿದರೆ "ಎಷ್ಟು ಜನರನ್ನು ಕೊಂದಿರಿ?" ಅಂತ ಯಾವತ್ತೂ ಕೇಳಬೇಡಿ, "ಮನೆಗೆ ಬಂದು ಎಷ್ಟು ದಿನವಾಯಿತು?" ಅಂತ ಕೇಳಿ. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ, ಹೋಗಿ ನೋಡಿ. ಮುಂದಿನ ಸಲ "ಥ್ಯಾಂಕ್ ಯೂ" ಅನ್ನುವಾಗ, ದೋಣಿಯ ಕೆಳಗೆ ಕತ್ತು ಬಗ್ಗಿಸದೆ ನಿಂತವರನ್ನು ನೆನೆದು ಹೇಳಿ. ಅವರ ಹಾಗೆ ನಮ್ಮ ಪಾಲಿನ ಭಾರವನ್ನು, ಅದು ಹೋಂವರ್ಕ್ ಆಗಿರಲಿ, ಮನೆಗೆಲಸ ಆಗಿರಲಿ, ಪಕ್ಕದವರ ತಲೆಗೆ ದಾಟಿಸದೆ ನಾವೇ ಹೊರೋಣ.